ಅಪ್ಪ ಅಲ್ಲ, ಅಣ್ಣ

ಮಗಳೊಬ್ಬಳನ್ನೇ ಕರೆದುಕೊಂಡು ಬದರಿನಾಥ ಬಸ್ಸು ಹತ್ತಿದ್ದು ಅದೇ ಮೊದಲು. ಆಫೀಸು, ಮನೆ, ಸಂಧ್ಯಾವಂದನೆ ಬಿಟ್ಟರೆ ಬೇರೆ ಲೋಕವಿಲ್ಲದ ಮನುಷ್ಯ. ಮಕ್ಕಳ ಉಸಾಬರಿ ಹೆಂಡತಿಗೆ ಸೇರಿದ್ದು ಎಂದು ಅವನೇ ತೀರ್ಮಾನ ಮಾಡಿಕೊಂಡಿದ್ದ. ಈಗ ಹೆಂಡತಿ ಬಾಣಂತಿ. ಬೇಸಿಗೆ ರಜೆಗೆಂದು ಪೆರಂಬೂರಿನಲ್ಲಿರುವ ಸೋದರತ್ತೆಯ ಮನೆಗೆ ಹೋಗಿದ್ದ ಕೌಸಲ್ಯಾಳನ್ನು ತಿರುವಲ್ಲಿಕ್ಕೇಣಿಯ ಮನೆಗೆ ವಾಪಸು ತರುವ ಕೆಲಸ ಅವನ ಕುತ್ತಿಗೆಗೆ ಬಿತ್ತು. ಆರು ವರ್ಷದ ಆ ಪೋರಿಗೆ ಅಲ್ಲಿಂದ ಬರಲು ಸುತರಾಂ ಇಷ್ಟವಿರಲಿಲ್ಲ. ಸ್ಟಾಪಿನವರೆಗೂ ಅವಳು ಅಳುತ್ತ ಬಂದಳು, ಅವನು ರಟ್ಟೆ ಹಿಡಿದು ಎಳೆಯುತ್ತ ಬಂದ.

ಕಾಲವೂ ಸರಿಯಿರಲಿಲ್ಲ. ಅರುವತ್ತೊಂದರ ಆ ಬೇಸಿಗೆಯಲ್ಲಿ ಮದ್ರಾಸಿನ ತುಂಬ ಒಂದು ಗುಲ್ಲೆದ್ದಿತ್ತು. ಎಣ್ಣೂರಿನ ಕಡೆ ಯಾವುದೋ ಸೇತುವೆ ಕಟ್ಟುತ್ತಿದ್ದಾರಂತೆ, ಕಂಬ ನಿಲ್ಲಬೇಕಾದರೆ ಮಕ್ಕಳ ತಲೆ ಬೇಕಂತೆ, ಅದಕ್ಕೆ ಮಕ್ಕಳ ಕಳ್ಳರು ಊರೆಲ್ಲ ತಿರುಗುತ್ತಿದ್ದಾರಂತೆ. ಕಾಸಿಮೇಡಿನಲ್ಲಿ ಬಲೂನು ಮಾರುವ ಬಡಪಾಯಿಯೊಬ್ಬನನ್ನು ಜನ ಹಿಡಿದು ಮೂಳೆ ಮುರಿದಿದ್ದರು. ಆಫೀಸಿನಲ್ಲಿ ಈ ಸುದ್ದಿ ಕೇಳಿ ಬದರಿನಾಥ ನಕ್ಕಿದ್ದ. ಬಿ.ಎ. ಓದಿದವನಲ್ಲವೇ, ನಗದಿದ್ದರೆ ಹೇಗೆ?

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿಂತವರ ಮಕ್ಕಳನ್ನು ಕೂತವರು ಎತ್ತಿಕೊಳ್ಳುವುದು ಆ ಊರಿನ ವಾಡಿಕೆ. ಹೆಂಗಸರ ಸೀಟಿನಲ್ಲಿದ್ದ ದಪ್ಪನೆಯ ಹೆಂಗಸೊಬ್ಬಳು ಕೌಸಲ್ಯಾಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಸದ್ಯ ಕಾಟ ತಪ್ಪಿತು ಎಂದುಕೊಂಡು ಬದರಿನಾಥ ಕಂಬಿಗೆ ಜೋತುಬಿದ್ದ.

“ಏನ್ ಪಾಪ್ಪಾ ಅಳುವುರೇ? ಅದು ಉನ್ ಅಪ್ಪಾವಾ?” ಯಾಕಮ್ಮ ಅಳುತ್ತೀ, ಅವನು ನಿಮ್ಮಪ್ಪನಾ ಎಂದು ಹೆಂಗಸು ತಮಿಳಿನಲ್ಲಿ ಕೇಳಿದಳು.

“ಇಲ್ಲೆ. ಅಣ್ಣಾ,” ಎಂದಳು ಕೌಸಲ್ಯಾ.

“ಅಪ್ಪಾ ಎಂಗೆ?” ಅಪ್ಪ ಎಲ್ಲಿ?

“ವೀಟ್ಲೆ ಇರುಕ್ಕಾರು.” ಮನೆಯಲ್ಲಿದ್ದಾರೆ.

ಹುಡುಗಿ ಸುಳ್ಳು ಹೇಳಲಿಲ್ಲ. ಮನೆಯಲ್ಲಿ ಎಲ್ಲರೂ ಅಪ್ಪ ಎನ್ನುತ್ತಿದ್ದುದು ಅಜ್ಜನನ್ನು. ತಮ್ಮಂದಿರು, ತಂಗಿಯರು ಬದರಿನಾಥನನ್ನು ಅಣ್ಣ ಎನ್ನುವುದನ್ನು ಕೇಳಿ ಕೇಳಿ ಅವನ ಮಕ್ಕಳಿಗೂ ಅವನು ಅಣ್ಣನೇ ಆಗಿದ್ದ. ಅವರ ಪೈಕಿಯ ಎಷ್ಟೋ ಮನೆಗಳಲ್ಲಿ ಹೀಗೇ ಇತ್ತು, ಯಾರಿಗೂ ವಿಚಿತ್ರವೆನಿಸಿರಲಿಲ್ಲ. ಈ ಹೆಂಗಸಿಗೆ ಅನಿಸಿತು. ಅರ್ಧ ತಲೆ ನರೆತ ‘ಅಣ್ಣ’ನನ್ನು ಒಮ್ಮೆ ನೋಡಿದಳು, ಹುಡುಗಿಯ ರಟ್ಟೆಯ ಮೇಲಿದ್ದ ಬೆರಳಿನ ಕೆಂಪು ಗುರುತನ್ನು ಒಮ್ಮೆ ನೋಡಿದಳು.

“ಪಿಳ್ಳೆ ಪುಡಿಕ್ಕಿರವನ್!” ಎಂದು ಕಿರುಚಿದಳು. ಮಕ್ಕಳ ಕಳ್ಳ!

ಬಸ್ಸು ನಿಂತಿತು. ಯಾರೋ ಬದರಿನಾಥನ ಕಾಲರು ಹಿಡಿದರು. ಹುಟ್ಟಿ ಬೆಳೆದದ್ದೆಲ್ಲ ಮದ್ರಾಸಿನಲ್ಲೇ, ಆದರೂ ಆ ಹೊತ್ತಿಗೆ ಅವನ ಬಾಯಿಂದ ತಮಿಳಿನ ಒಂದು ಮಾತೂ ಹೊರಡಲಿಲ್ಲ. “ಅವ್ಳು ನನ್ ಮಗ್ಳು ರೀ,” ಎಂದು ಕನ್ನಡದಲ್ಲೇ ಒದರಿದ. ಅರ್ಥವಾಗದ ಭಾಷೆ ಕೇಳಿ ಜನರ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಹಾಗಾದರೆ ಯಾವ ಕ್ಲಾಸು ಓದುತ್ತಿದ್ದಾಳೆ ಹೇಳು ಎಂದ ಕಂಡಕ್ಟರು. ಬದರಿನಾಥ ತಡವರಿಸಿದ. ಒಂದೋ, ಎರಡೋ? ದೇವರಾಣೆಗೂ ಅವನಿಗೆ ಗೊತ್ತಿರಲಿಲ್ಲ.

“ಎರಡನೇದು,” ಎಂದು ಎರಡು ಬೆರಳೆತ್ತಿದ.

“ಒಣ್ಣಾಂ ಕ್ಲಾಸು,” ಎಂದಳು ಹುಡುಗಿ. ಒಂದನೇ ಕ್ಲಾಸು!

ಕೆನ್ನೆಗೆ ಏಟು ಬಿತ್ತು. ಕನ್ನಡಕ ಯಾರದೋ ಕಾಲಡಿ ಸಿಕ್ಕಿ ಪುಡಿಯಾಯಿತು.

“ಕೌಸೂ, ನಾನ್ಯಾರಂತ ಹೇಳೇ!”

“ಅಣ್ಣಾ! ಅಣ್ಣಾ!” ಹುಡುಗಿ ಚೀರಿದಳು. ಅವಳು ಚೀರಿದಷ್ಟೂ ಅವನನ್ನು ಹಿಡಿದ ಕೈಗಳು ಬಿಗಿದವು. ಕೆಳಗಿಳಿಸಿ ರಸ್ತೆಯಲ್ಲೇ ವಿಚಾರಿಸಿಕೊಳ್ಳೋಣ ಎಂದು ಬಾಗಿಲಿಗೆ ಎಳೆದರು. ಏಟಿನ ನೋವು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ತನ್ನನ್ನು ಇಲ್ಲಿ ದಬ್ಬಿ, ಮಗಳನ್ನು ಹೊತ್ತು ಬಸ್ಸು ಹೊರಟುಬಿಟ್ಟರೆ? ಈ ಮಹಾನಗರದಲ್ಲಿ ಅವಳನ್ನು ಎಲ್ಲಿಂದ ಹುಡುಕಿ ತರುವುದು? ಮೆಟ್ಟಿಲ ಪಕ್ಕದ ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡ.

“ಬಿಡ್ರೋ ಅವನ್ನ!” ಮುಂದಿನ ಸೀಟಿನಿಂದ ಕಚ್ಚೆ ಸೀರೆಯ ಮುದುಕಿಯೊಬ್ಬರು ಎದ್ದು ಬಂದು ಕನ್ನಡದಲ್ಲೇ ಕೇಳಿದರು: “ಏನಪ್ಪಾ, ನಿಮ್ಮನೇಲಿ ಅಪ್ಪ ಅಂದ್ರೆ ಯಾರು?”

“ನಮ್ ತಂದೆ. ಮಕ್ಳಿಗೆ ತಾತ. ನನ್ನ ಅಣ್ಣ ಅಂತಾರೆ, ತಾಯೀ.”

ಮುದುಕಿ ಜನರ ಕಡೆ ತಿರುಗಿ, ತಮ್ಮ ಕಡೆಯ ಮನೆಗಳಲ್ಲಿ ಮಕ್ಕಳು ತಂದೆಯನ್ನೇ ಅಣ್ಣ ಎನ್ನುವುದುಂಟು, ತಾನೂ ಹಾಗೇ ಕರೆದು ಬೆಳೆದವಳು ಎಂದು ತಮಿಳಿನಲ್ಲಿ ಗದರಿದರು. ಕೈಗಳು ಒಂದೊಂದಾಗಿ ಸಡಿಲವಾದವು. ಕೆಲವರಿಗೆ ನಿರಾಶೆಯೇ ಆದಂತಿತ್ತು.

“ನಾನೂ ನಿಮ್ ಜೊತೆ ಇಳೀತೀನಿ,” ಎಂದರು ಮುದುಕಿ ಅವನಿಗೆ. “ಮನೇಲಿ ನಿಮ್ಮಪ್ಪನ್ನ ಕಣ್ಣಾರೆ ನೋಡೇ ಹೋಗೋದು. ತಪ್ಪು ತಿಳ್ಕೋಬೇಡ. ಕಾಲ ಹಾಗಿದೆ.”

ತಿರುವಲ್ಲಿಕ್ಕೇಣಿಯಲ್ಲಿ ಮೂವರೂ ಇಳಿದರು. ಬದರಿನಾಥನ ತುಟಿ ಊದಿತ್ತು, ಅಂಗಿ ಹರಿದಿತ್ತು. ಮಗಳು ಸಿಕ್ಕಳಲ್ಲ, ಅಷ್ಟು ಸಾಕಿತ್ತು ಅವನಿಗೆ.

“ಬಾರೇ ಕೌಸು,” ಎಂದು ಕೈ ಚಾಚಿದ.

ಹುಡುಗಿ ಮುದುಕಿಯ ಹಿಂದೆ ಸರಿದು ಅವರ ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ದಿನ ಅವಳು ಕನ್ನಡದಲ್ಲಿ ಆಡಿದ ಮೊದಲ ಮಾತು ಅದು:

“ಅಜ್ಜೀ, ಇವ್ರು ನನ್ನ ನಿಜವಾಗ್ಲೂ ಮನೆಗೇ ಕರ್ಕೊಂಡು ಹೋಗ್ತಾರಾ?”

ಬದರಿನಾಥ ಏನೋ ಹೇಳಲು ಒಂದು ಹೆಜ್ಜೆ ಮುಂದಿಟ್ಟ. ಅವಳು ಬೆದರಿ ಕಣ್ಣು ಮುಚ್ಚಿಕೊಂಡಳು.