ಬಿಸಿಗಾಲುವೆಯ ತೂಬು

ನಾನೊಂದು ಕಲ್ಲಿನ ಕದ. ಕಲ್ಲಿಗೆ ಇಷ್ಟು ಸೊಕ್ಕೇ ಎಂದು ಮೂಗು ಮುರಿಯುವವರು ಈಗಲೇ ಎದ್ದು ಹೋಗಬಹುದು. ನಾನು ದೊರೆಗಳನ್ನು ಹತ್ತಿರದಿಂದ ಕಂಡವನು. ಅದೂ ಚಳಿಗೆ ಅವರ ಹಲ್ಲು ಕಟಕಟ ಎನ್ನುತ್ತಿದ್ದಾಗ. ಹಾಗೆ ಕಂಡ ಮೇಲೆ ಗೌರವ ಉಳಿಸಿಕೊಳ್ಳುವುದು ಕಷ್ಟ.

ಮಂಜುಗಲ್ಲು ದುರ್ಗದ ಬುಡದ ಬಂಡೆಯಿಂದ ಬಮ್ಮೋಜನೆಂಬ ಕಲ್ಲುಕುಟಿಗ ನನ್ನನ್ನು ಸೀಳಿ ತೆಗೆದ. ಉಳಿ ಜಾರಿ ಹೆಬ್ಬೆರಳಿಗೆ ಪೆಟ್ಟು ಬಿದ್ದಾಗ, "ಥೂ ನಿನ್ನ, ಕಲ್ಲಂದ್ರೆ ಕಲ್ಲು ನೀನು!" ಎಂದು ಬೈದ. ಹುಟ್ಟಿದ ಕೂಡಲೇ ನನ್ನ ಕಿವಿಗೆ ಬಿದ್ದ ಮಾತು ಅದು. ಆಮೇಲೆ ಅರಮನೆಯವರಿಂದ ಕೇಳಿದ್ದಕ್ಕೆ ಹೋಲಿಸಿದರೆ ಅದೇ ಸತ್ಯವಾದ ಮಾತು.

ದುರ್ಗವೆಂದರೆ ಸಣ್ಣದಲ್ಲ. ಒಂದು ಬೆಟ್ಟವನ್ನೇ ಒಳಗಿನಿಂದ ಕೊರೆದು ಊರು ಮಾಡಿದ್ದರು. ತುದಿಯಲ್ಲಿ ಅರಮನೆ, ನಡುವೆ ಕಣಜಗಳು, ಬುಡದಲ್ಲಿ ಅಡುಗೆಯವರು, ಕಮ್ಮಾರರು, ಕಾವಲಿನವರು ಇರುವ ಕೆಳಮನೆಗಳು. ಹೊರಗೆ ವರ್ಷವಿಡೀ ಹಿಮ. ಇಂಥ ಬೆಟ್ಟವನ್ನು ಬೆಚ್ಚಗಿಡುವುದು ಹೇಗೆ? ಎಲ್ಲಕ್ಕಿಂತ ಕೆಳಗೆ, ಆನೆ ಹೊಕ್ಕು ಹೊರಳುವಷ್ಟು ದೊಡ್ಡ ಒಲೆ. ಅದರ ಬಿಸಿ ಬಂಡೆಯೊಳಗೆ ಕೊರೆದ ಕಾಲುವೆಗಳಲ್ಲಿ ಹರಿದು, ನೆಲದ ಚಪ್ಪಡಿಗಳ ಅಡಿಯಲ್ಲಿ ಸುತ್ತಾಡಿ, ಗೋಡೆಗಳನ್ನು ಕಾಯಿಸಿ, ಬೆಟ್ಟದ ನೆತ್ತಿಯಲ್ಲಿ ಹೊಗೆಯಾಗಿ ಹೊರಬೀಳುತ್ತಿತ್ತು. ಕೆಳಮನೆಗಳಿಗೆ ಹೋಗುವ ಕಾಲುವೆಯ ಬಾಯಲ್ಲಿ ನನ್ನನ್ನು ನಿಲ್ಲಿಸಿದರು. ಕೆರೆಗೆ ತೂಬು ಇರುವಂತೆ ಬೆಂಕಿಗೆ ನಾನು. ಸರಪಳಿಯಿಂದ ನನ್ನನ್ನು ಎತ್ತಿದರೆ ಬಿಸಿ ಕೆಳಮನೆಗಳಿಗೆ, ಇಳಿಸಿದರೆ ಎಲ್ಲವೂ ಮೇಲಿನ ಕಣಜಕ್ಕೆ, ಅರಮನೆಗೆ. ಇಷ್ಟೇ ನನ್ನ ವಿದ್ಯೆ. ಅರಮನೆಯ ಬಹಳ ಜನಕ್ಕೆ ಇಷ್ಟೂ ಇರಲಿಲ್ಲ.

ಕೆರೆಯ ನೀರು ಬಿಡುವವನು ನೀರುಗಂಟಿಯಾದರೆ ನನ್ನನ್ನು ಎತ್ತಿ ಇಳಿಸುವವರು ಬೆಂಕಿಗಂಟಿಗಳು. ಮುಂಜಾನೆ ಕೆಳಮನೆಗಳ ಸರದಿ, ಮಧ್ಯಾಹ್ನ ಕಣಜಗಳದು, ಸಂಜೆ ಅರಮನೆಯದು. ಇದೆಲ್ಲಕ್ಕೂ ಮೇಲೆ ಬಾಣಂತಿ ಸರದಿ. ಕೆಳಮನೆಯಲ್ಲಿ ಹೆರಿಗೆಯಾದರೆ, ಕೂಸಿಗೆ ಕತ್ತು ನಿಲ್ಲುವ ತನಕ ನನ್ನನ್ನು ಇಳಿಸುವಂತಿರಲಿಲ್ಲ. ಎಂಥೆಂಥ ಮುಂಗೋಪಿ ದೊರೆಗಳೂ ಅಷ್ಟು ದಿನ ಕಂಬಳಿ ಹೊದ್ದು, ಗೊಣಗಿಕೊಂಡು, ತೆಪ್ಪಗಿರುತ್ತಿದ್ದರು.

ಕೈಯಿಂದ ಕೈಗೆ ದಾಟಿ ಕೊನೆಗೆ ನಾನು ಕೆಂಚವ್ವನ ಕೈಗೆ ಬಂದೆ. ಬಾಯಿ ಜೋರು, ಮಂಡಿನೋವು, ಮೂಢನಂಬಿಕೆ ಮೂರೂ ಇದ್ದ ಮುದುಕಿ. ದಿನಾ ನನಗೆ ಕುಂಕುಮ ಇಟ್ಟು, "ತಾಯೀ, ಎದ್ದೇಳವ್ವ" ಎಂದು ಸರಪಳಿ ಎಳೆಯುತ್ತಿದ್ದಳು. ನಾನು ತಾಯಿಯೂ ಅಲ್ಲ, ದೇವಿಯೂ ಅಲ್ಲ. ಹೇಳಲು ನನಗೆ ಬಾಯಿಲ್ಲ, ಹೇಳಿದ್ದರೆ ಕೇಳುವ ಪೈಕಿ ಅವಳೂ ಅಲ್ಲ. ಆದರೂ ಅವಳ ಕೈ ನನಗೆ ಇಷ್ಟ. ಎಳೆಯುವಾಗ ದಡಬಡ ಮಾಡುತ್ತಿರಲಿಲ್ಲ.

ಅವಳ ಕಾಲಕ್ಕೆ ಪಟ್ಟಕ್ಕೆ ಬಂದವನು ಕಂಚಿಗನಾಯಕ. ಬಿರುದು 'ಹಿಮಮರ್ದನ'. ಹಿಮವನ್ನು ಅವನು ಮರ್ದಿಸಿದ್ದು ಕಿಟಕಿಯೊಳಗಿನಿಂದ ನೋಡಿ. ಬಯಲುನಾಡಿನ ರಾಜ, "ನಿಮ್ಮಲ್ಲಿ ಹಿಮ ಬಿಟ್ಟು ಬೇರೇನು ಬೆಳೆಯುತ್ತೆ?" ಎಂದು ನಕ್ಕು ಒಂದು ಮಾವಿನ ಗಿಡ ಕಳಿಸಿದನಂತೆ. ಇವನಿಗೆ ರೋಷ ಬಂತು. ಮುಂದಿನ ಯುಗಾದಿಗೆ ಇದೇ ಗಿಡದ ಹಣ್ಣನ್ನು ಆ ರಾಜನಿಗೆ ತಿನ್ನಿಸುತ್ತೇನೆಂದು ಪಣ ತೊಟ್ಟ. ಬೆಟ್ಟದ ತುದಿಯಲ್ಲಿ ಮಾವು! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ. ಗಿಡಕ್ಕೆ ಹಗಲಿರುಳು ಬಿಸಿ ಬೇಕು, ಕೆಳಮನೆಯ ಕದ ಎತ್ತಕೂಡದು ಎಂದು ಅಪ್ಪಣೆಯಾಯಿತು.

ಅಮಾವಾಸ್ಯೆಗೆ ಬೂದಿ ಬಾಚಲು, ಕೆಂಡವನ್ನು ಒಂದು ಮೂಲೆಗೆ ಸರಿಸಿ, ಒಲೆಯನ್ನು ತಣಿಸುವುದು ವಾಡಿಕೆ. ಆ ದಿನವೇ ಪ್ರಧಾನಿ ಸೋವರಸ ಇಳಿದು ಬಂದ. ನನ್ನನ್ನು ಕೆಳಗಿಳಿಸಿ, ನಾನೂ ಗೋಡೆಯೂ ಸೇರುವಲ್ಲಿ ಅರಗು ಕರಗಿಸಿ ಸುರಿದು, ಅದರ ಮೇಲೆ ದೊರೆಯ ಮುದ್ರೆ ಒತ್ತಿದ. "ಈ ಮುದ್ರೆ ಯಾರ ಕೈಯಿಂದ ಕೆಡುತ್ತದೋ ಆ ಕೈ ಕತ್ತರಿಸಲಾಗುವುದು" ಎಂದು ಸಾರಿ ಹೋದ. ಒಲೆಯ ಬಾಯಿಗೆ ಅರಗಿನ ಮುದ್ರೆ ಹಾಕಿದ ಮಹಾನುಭಾವ! ಬೆಣ್ಣೆಯಲ್ಲಿ ಬೀಗ ಮಾಡಿಸಿದ್ದರೂ ಅಷ್ಟೇ ಚೆನ್ನಾಗಿರುತ್ತಿತ್ತು.

ಅದೇ ರಾತ್ರಿ ಕೆಂಚವ್ವನ ಸೊಸೆ ಹೂವಿ ಹೆತ್ತಳು. ಹೆಣ್ಣು ಕೂಸು, ದಿನ ತುಂಬದೆ ಹುಟ್ಟಿದ್ದು. ಕೆಳಮನೆಯ ಗೋಡೆಗಳು ಹಿಮದಂತೆ ಕೊರೆಯುತ್ತಿದ್ದವು. ಕಾಲುವೆಯೊಳಗಿಂದ ಕೂಸಿನ ಅಳು ನನಗೆ ಕೇಳುತ್ತಿತ್ತು. ಮೊದಲು ಜೋರಾಗಿ, ಬರಬರುತ್ತಾ ಬೆಕ್ಕಿನ ಮರಿಯಂತೆ. ಕೆಂಚವ್ವ ಸರಪಳಿ ಹಿಡಿಯುವಳು, ಮುದ್ರೆ ನೋಡುವಳು, ಬಿಡುವಳು. "ಕೈ ಹೋದ್ರೆ ಕೂಸ್ನ ಎತ್ಕೊಳ್ಳೋದು ಹೆಂಗವ್ವಾ?" ಎಂದು ನನ್ನನ್ನೇ ಕೇಳಿ ಅತ್ತಳು. ನನಗೆ ಅವತ್ತು ಕಲ್ಲಾಗಿರುವುದಕ್ಕೆ ನಾಚಿಕೆಯಾಯಿತು.

ಅಷ್ಟರಲ್ಲಿ, ಬೂದಿ ಬಾಚಿ ಮತ್ತೆ ಉರಿಸಿದ ಒಲೆ ಕಾದಿತ್ತು, ನಾನೂ ಕಾದಿದ್ದೆ. ಅರಗು ಮೆತ್ತಗಾಗಿ ನನ್ನ ಮೈಮೇಲೆ ಕೆಂಪಗೆ ಇಳಿಯತೊಡಗಿತು. ಕೆಂಚವ್ವ ಬೆಚ್ಚಿಬಿದ್ದಳು. "ಅಯ್ಯೋ, ತಾಯಿ ರಕ್ತ ಸುರಿಸ್ತಾವ್ಳೆ!" ಎಂದು ಅಡ್ಡಬಿದ್ದು, ಎದ್ದವಳೇ ಸರಪಳಿ ಎಳೆದಳು. ಬಿಸಿ ಕೆಳಮನೆಗಳಿಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಕೂಸು ಮತ್ತೆ ಗಟ್ಟಿಯಾಗಿ ಅತ್ತಿತು. ನಾನು ಕೇಳಿದ ಸಂಗೀತದಲ್ಲೆಲ್ಲ ಅದೇ ಒಳ್ಳೆಯದು.

ಮರುದಿನ ಕೆಂಚವ್ವನನ್ನು ನನ್ನೆದುರೇ ನಿಲ್ಲಿಸಿ ವಿಚಾರಣೆ. ಕೈ ಕಡಿಯುವವನೂ ಬಂದು ನಿಂತಿದ್ದ. ದೊರೆ ಮೊಟ್ಟಮೊದಲ ಬಾರಿಗೆ ಒಲೆಮನೆಗೆ ಇಳಿದು, ಬೂದಿಗೆ ಹೆದರಿ ಪಂಚೆ ಎತ್ತಿಕೊಂಡಿದ್ದ.

"ಮುದ್ರೆ ಯಾಕೆ ಮುರಿದೆ?" ಎಂದ ಸೋವರಸ.

"ನಾನ್ ಮುಟ್ಟಿಲ್ಲ ಬುದ್ಧಿ. ತಾಯಿನೇ ಬಿಡಿಸ್ಕಂಡ್ಲು. ಆಮೇಲೆ ಎತ್ತಿದ್ದು ನಾನೇಯ, ಇಲ್ಲ ಅನ್ನಲ್ಲ."

"ಕಲ್ಲು ತಾನೇ ಮುದ್ರೆ ಬಿಡಿಸಿಕೊಳ್ಳುತ್ತದೆಯೇ? ಹಾಗಾದರೆ ನಮ್ಮೆದುರು ಬಿಡಿಸಿಕೊಳ್ಳಲಿ."

ನನ್ನನ್ನು ಇಳಿಸಿ, ಬೆಂಕಿಯನ್ನು ಪಕ್ಕಕ್ಕೆ ಬಾಚಿ, ನನ್ನ ಮೇಲೆ ನೀರೆರಚಿ ತಣಿಸಿ, ಹೊಸ ಮುದ್ರೆ ಹಾಕಿದರು. ಮತ್ತೆ ಬೆಂಕಿ ಕೂಡಿಸಿದರು. ಎಲ್ಲರೂ ಕಣ್ಣು ಪಿಳಿಪಿಳಿ ಬಿಡುತ್ತಿರುವಾಗಲೇ, ಯಾರ ಕೈಯೂ ತಾಗದೆ, ದೊರೆಯ ಮುದ್ರೆ ಸೋರಿ ಸೋವರಸನ ಪಾದರಕ್ಷೆಯ ಮೇಲೆ ಬಿತ್ತು. ಕೆಂಚವ್ವ ನನಗೆ ಇನ್ನೊಮ್ಮೆ ಕೈಮುಗಿದಳು. ಕೈ ಕಡಿಯುವವನು ಕತ್ತಿಯನ್ನು ಒರೆಗೆ ಸೇರಿಸಿದ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ದೊಡ್ಡವರ ತಪ್ಪು ಎಂದಾದರೂ ದೊಡ್ಡವರ ಮೇಲೆ ಉಳಿದದ್ದುಂಟೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಸೋವರಸ ಗಂಟಲು ಸರಿಮಾಡಿಕೊಂಡು, "ಮಹಾಸ್ವಾಮಿ, ಅಪರಾಧಿ ಈ ಬೆಂಕಿ. ಬೆಂಕಿ ಇರುವ ತನಕ ಮುದ್ರೆಗೆ ಮಾನವಿಲ್ಲ. ಇದನ್ನು ಆರಿಸೋಣ. ಇನ್ನು ಮುಂದೆ ಇಲ್ಲಿ ಬೆಂಕಿ ಹೊತ್ತಿಸಿದ ಕೈಯನ್ನೇ ಕತ್ತರಿಸತಕ್ಕದ್ದು" ಎಂದ.

"ಮಾವು?" ಎಂದ ದೊರೆ, ಮೆಲ್ಲಗೆ.

ಹಿಂದಿದ್ದ ಆಸ್ಥಾನಕವಿ ಮುಂದೆ ನುಗ್ಗಿದ. "ಮಹಾಸ್ವಾಮಿಗಳ ಪ್ರತಾಪವೇ ಸೂರ್ಯನಂತೆ ಸುಡುವಾಗ ಸೌದೆಯ ಬೆಂಕಿ ಏತಕ್ಕೆ?"

ಸುಡುವುದಿಲ್ಲ ಎಂದು ಯಾವ ದೊರೆ ಹೇಳಿಯಾನು? ಇವನೂ ಹೇಳಲಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು. ತಲೆತಲಾಂತರದಿಂದ ಆರದ ಒಲೆಗೆ ಕೊಡಗಟ್ಟಲೆ ನೀರು ಸುರಿದರು. ತಣ್ಣಗಾದ ನನ್ನ ಮೇಲೆ ಮೂರನೆಯ ಮುದ್ರೆ ಬಿತ್ತು. ಈ ಸಲ ಗಟ್ಟಿಯಾಗಿ ನಿಂತಿತು.

ಕೆಳಮನೆಯವರು ಗಂಟುಮೂಟೆ ಕಟ್ಟಿದರು. ನೀರು ಸುರಿಯುವ ಮೊದಲೇ ಕೆಂಚವ್ವ ಒಂದು ಮಡಕೆ ಕೆಂಡ ಬಾಚಿಟ್ಟುಕೊಂಡಿದ್ದಳು. ಹೂವಿ ಕೂಸನ್ನು ಎದೆಗೆ ಕಟ್ಟಿಕೊಂಡಳು. ಕೆಂಚವ್ವ ನನ್ನನ್ನು ತಡವಿ, "ನಿನ್ನ ಹೊತ್ಕಂಡ್ ಹೋಗೋ ಅಷ್ಟು ಕಸುವಿಲ್ಲ ಕಣವ್ವ" ಎಂದಳು. ಕೂಸಿನ ಅಳು ಬೆಟ್ಟದ ಕೆಳಗೆ ಇಳಿಯುತ್ತಾ ಇಳಿಯುತ್ತಾ ಸಣ್ಣದಾಯಿತು. ನನಗೆ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು.

ಮಾವು ಕರ್ರಗಾಗಿ ಸತ್ತಿತು. ಎಲ್ಲರಿಗಿಂತ ಮೊದಲು ಓಡಿದವನು ಆಸ್ಥಾನಕವಿ. ಅವನ ಹಿಂದೆ ಮಂದಿಯೆಲ್ಲ. ಕೊನೆಗೆ ಒಂದು ಮಧ್ಯಾಹ್ನ ದೊರೆಯೂ ಸೋವರಸನೂ, ಸಿಂಹಾಸನದ ಮುರಿದ ಕಾಲುಗಳನ್ನು ಕಂಕುಳಲ್ಲಿಟ್ಟುಕೊಂಡು, ನಡುಗುತ್ತಾ ಒಲೆಮನೆಗೆ ಬಂದರು. ಕಟ್ಟಿಗೆ ಒಟ್ಟಿದರು. ಚಕಮಕಿ ಕಲ್ಲು ದೊರೆಯ ಕೈಯಲ್ಲಿತ್ತು. ಅವನ ಕಣ್ಣು ನನ್ನ ಮೈಯ ಮುದ್ರೆಯ ಮೇಲೆ ಬಿತ್ತು.

"ನೀವೇ ಹಚ್ಚಿ ಸೋವರಸರೇ."

"ಛೆ ಛೆ, ಮಹಾಸ್ವಾಮಿಗಳ ಹಸ್ತದಿಂದಲೇ ಆಗಬೇಕು."

"ಹಚ್ಚಿದ ಕೈ ಕತ್ತರಿಸಬೇಕಲ್ಲ?"

"ಆಜ್ಞೆ ತಮ್ಮದೇ. ಹಿಂತೆಗೆದುಕೊಂಡರಾಯಿತು."

"ಒಬ್ಬ ಮುದುಕಿಯ ದೆಸೆಯಿಂದ ದೊರೆ ಮಾತು ತಪ್ಪಿದ ಎಂದು ಜನ ಆಡಿಕೊಳ್ಳುವುದಿಲ್ಲವೇ?"

ಜನ! ಆ ಬೆಟ್ಟದಲ್ಲಿ ಅವರಿಬ್ಬರನ್ನು ಬಿಟ್ಟರೆ ಇದ್ದವನು ನಾನೊಬ್ಬ. ನಾನು ಆಗಲೇ ಆಡಿಕೊಳ್ಳುತ್ತಿದ್ದೆ. ಚಕಮಕಿ ಅವನ ಕೈಯಿಂದ ಇವನ ಕೈಗೆ, ಇವನ ಕೈಯಿಂದ ಅವನ ಕೈಗೆ ಸುತ್ತಿತು. ಕಿಡಿ ಮಾತ್ರ ಹಾರಲಿಲ್ಲ. ಕೊನೆಗೆ ನಾಲ್ಕೂ ಕೈಗಳನ್ನು ಕಂಕುಳಲ್ಲಿ ಜೋಪಾನವಾಗಿ ಅಡಗಿಸಿಕೊಂಡು, ಕೆಳಮನೆಯವರು ಇಳಿದ ದಾರಿಯಲ್ಲೇ ಇಳಿದು ಹೋದರು.

ಈಗ ನನಗೆ ವಯಸ್ಸಾಗಿದೆ. ಅಂಚಿನಲ್ಲಿ ಬಿರುಕು, ಮೈಮೇಲೆ ಹಿಮ. ಮೋಡವಿಲ್ಲದ ದಿನ ಗೋಡೆಯ ಬಿರುಕಿನಿಂದ ಕಣಿವೆಯ ಊರು ಕಾಣುತ್ತದೆ, ಅಲ್ಲಿ ಹೊಗೆ ಏಳುವುದೂ ಕಾಣುತ್ತದೆ. ಅದು ಕೆಂಚವ್ವನ ಕೆಂಡದಿಂದ ಹುಟ್ಟಿದ ಬೆಂಕಿ. ಆ ಇಬ್ಬರನ್ನು ಅವಳು ಅದರ ಹತ್ತಿರ ಸೇರಿಸಿರಬಾರದು ಎಂದು ನಾನು ದಿನವೂ ಹಾರೈಸುತ್ತೇನೆ. ಸೇರಿಸಿರುತ್ತಾಳೆ. ಬೈಯುತ್ತಾ ಬೈಯುತ್ತಾ ಚಾಪೆ ಹಾಸಿ, ಕೈ ಚಾಚಿ ಕಾಯಿಸಿಕೊಳ್ಳಿ ಎಂದಿರುತ್ತಾಳೆ, ಆ ಹುಚ್ಚಿ.