ಗಣಿಬಾಯಿಯ ಮೇಕೆ ಮತ್ತು ನಾನು

ನಾನು ಒಂದು ಬ್ಯಾಂಜೊ, ತಂತಿ ಮೀಟಿ ನುಡಿಸುವ ವಾದ್ಯ. ಕಡಲಾಚೆ ಯಾರೋ ದುಂಡು ಮರದ ಬಳೆಗೆ ಚರ್ಮ ಬಿಗಿದು, ಉದ್ದ ಕತ್ತು ಜೋಡಿಸಿ ನನ್ನನ್ನು ಮಾಡಿದರು. ಅವರ ಮುಖ ನೆನಪಿಲ್ಲ, ನೆನಪಿಟ್ಟುಕೊಳ್ಳುವ ಆಸೆಯೂ ಇಲ್ಲ. ಚಿನ್ನದ ಗಣಿಯ ಊರಿಗೆ ನನ್ನನ್ನು ತಂದ ಬಿಳಿಯ ಫೋರ್‌ಮನ್, ಊರು ಬಿಡುವಾಗ ಚರ್ಮ ಹರಿದ ನನ್ನನ್ನು ಕಸದ ಪಕ್ಕ ಇಟ್ಟು ಹೋದ. ಗಣಿಯೊಳಗೆ ಮರದ ಆಸರೆ ಕಟ್ಟುವ ಐಸಾಕ ಎತ್ತಿಕೊಂಡ.

"ಅಂಗ್ಡಿಗ್ಯಾಕೆ ಕೊಡೋದು? ನಾನೇ ರಿಪೇರಿ ಮಾಡ್ತೀನಿ," ಅಂದ ಹೆಂಡತಿ ಪಾಪಮ್ಮನಿಗೆ.

ಹೊಸ ಸುರಂಗ ತೆರೆಯುವ ದಿನ ಗಣಿಬಾಯಲ್ಲಿ ಮೇಕೆ ಕಡಿಯುವುದು ಅಲ್ಲಿಯ ಕೂಲಿಗಳ ಪದ್ಧತಿ. ಆ ಸಲದ ಮೇಕೆ ಗಣಿಬಾಯಿ ಕಂಡದ್ದೇ ಕಾಲೂರಿ ನಿಂತು, ನೆಲ ಮೂಸಿ ನಡುಗಿತಂತೆ. ಐಸಾಕ ಅದರ ಚರ್ಮವನ್ನೇ ತಂದ. ಸುಣ್ಣದಲ್ಲಿ ನೆನೆಸಿ ಕೂದಲು ಹೆರೆದ. ಒದ್ದೆಯಾಗಿರುವಾಗಲೇ ನನ್ನ ಮೇಲೆ ಹಾಸಿ, ಬಳೆಯ ಸುತ್ತಲಿನ ಎದುರುಬದುರು ತಿರುಪುಗಳನ್ನು ಚೂರು ಚೂರೇ ಬಿಗಿದು, ನೆರಳಲ್ಲಿ ಒಣಗಿಸಿದ. ಒಣಗುತ್ತಿದ್ದಂತೆ ನನ್ನೊಳಗೆ ಇನ್ನೊಂದು ಜೀವ ಬಂದು ಕೂತಿತು. ನನಗೆ ಭಯವಾಯಿತು.

ಐಸಾಕ ಒಂದು ಕ್ರಿಸ್‌ಮಸ್ ಹಾಡು ಕಲಿತ. ಮೂರನೇ ಸಾಲಿನಲ್ಲಿ ಸದಾ ಒಂದೇ ಕಡೆ ಎಡವುತ್ತಿದ್ದ. ಎಡವಿದಾಗೆಲ್ಲ ಪಾಪಮ್ಮ ನಗುತ್ತಿದ್ದಳು.

ಒಂದು ಬೆಳಿಗ್ಗೆ ಯಾರೂ ಮುಟ್ಟದೆ ನಾನು ಗುಂಯ್ ಎಂದೆ. ಆ ಮಧ್ಯಾಹ್ನ ಕೆಳಗೆ ಗಣಿಯಲ್ಲಿ ಬಂಡೆ ಸಿಡಿದು ಜನ ಸತ್ತರು. ಮತ್ತೊಂದು ಸಲ ಗುಂಯ್ ಎಂದಾಗ ಪಾಪಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಆ ಮೇಕೆ ಅಳ್ತೈತೆ. ಇವತ್ತು ಇಳೀಬೇಡ."

ಐಸಾಕ ಉಳಿದ. ಅವನು ನಿಲ್ಲಬೇಕಿದ್ದ ಜಾಗ ಕುಸಿಯಿತು.

ಆದರೂ ಗಂಡಸಿನ ಬುದ್ಧಿ ನೋಡಿ. "ಚರ್ಮ ಸಡಿಲ ಆಗೈತೆ, ಅದಕ್ಕೇ ಗುಂಯ್ ಅನ್ನೋದು. ಹಬ್ಬಕ್ಕೆ ಸರಿಯಾಗಿ ನುಡೀಬೇಕಲ್ಲ" ಎಂದು ಗೊಣಗುತ್ತ, ಪಾಪಮ್ಮ ನೀರಿಗೆ ಹೋದಾಗ, ಅವಳ ಹಳೇ ಸೀರೆಯ ತುಂಡನ್ನು ಚರ್ಮದ ಹಿಂದೆ ತುರುಕಿದ. ಮರುದಿನ ಬೆಳಿಗ್ಗೆ ಮೇಕೆ ನನ್ನೊಳಗೆ ಒದ್ದಾಡಿತು. ಬಟ್ಟೆ ಅದರ ಬಾಯಿ ಮುಚ್ಚಿತ್ತು. ಪಾಪಮ್ಮ ಪಕ್ಕದಲ್ಲೇ ಬುತ್ತಿ ಕಟ್ಟುತ್ತಿದ್ದಳು, ಏನೂ ಕೇಳಿಸಲಿಲ್ಲ. ಐಸಾಕ ಗಣಿಗೆ ಇಳಿದ. ಸುರಂಗ ಕುಸಿಯಿತು. ಅವನ ಹೆಣವೂ ಸಿಗಲಿಲ್ಲ.

ಈಗ ಗಣಿ ಮುಚ್ಚಿದೆ, ಒಳಗೆಲ್ಲ ನೀರು. ಪಾಪಮ್ಮ ಮುದುಕಿಯಾಗಿದ್ದಾಳೆ. ಆ ಬಟ್ಟೆಯನ್ನು ಎಂದೋ ಕಿತ್ತೆಸೆದಳು. ಅವನಂತೆಯೇ ಎದುರುಬದುರು ತಿರುಪು ಬಿಗಿಯುತ್ತಾಳೆ, ನನ್ನ ಕತ್ತಿಗೆ ಎಣ್ಣೆ ಸವರುತ್ತಾಳೆ. ತಂತಿಗಳು ತುಕ್ಕು ತಿಂದು ಹೋದವು. ಗೋಡೆಯ ಮೊಳೆಯೇ ನನ್ನ ಕೊನೆಯ ಮನೆ, ಅದಕ್ಕೇನೂ ಬೇಸರವಿಲ್ಲ.

ನಿನ್ನೆ ಸಂಜೆ, ತಂತಿಯೇ ಇಲ್ಲದ ನಾನು ಮತ್ತೆ ಗುಂಯ್ ಎಂದೆ. ಈ ಸಲ ಅದು ಮೇಕೆಯಲ್ಲ. ನೆಲದ ಕೆಳಗಿನ ಆ ನೀರಿನಿಂದ ಕ್ರಿಸ್‌ಮಸ್ ಹಾಡು ನಿಧಾನವಾಗಿ ಏರಿ ಬಂತು. ಮೂರನೇ ಸಾಲಿಗೆ ಬಂದು ಎಡವಿತು.

ಪಾಪಮ್ಮ ನಗಲಿಲ್ಲ. ನನ್ನ ಚರ್ಮಕ್ಕೆ ಕೆನ್ನೆ ಒತ್ತಿ, "ಇನ್ನೂ ಅಲ್ಲೇ ತಪ್ತೀಯಲ್ಲಯ್ಯ," ಅಂದಳು. "ಇನ್ನೊಂದ್ಸಲ ಬಾರ್ಸು."