ಪ್ಲಗ್ ಕಿತ್ತ ಮೇಲೆ

ಆಂಪ್ಲಿಫೈಯರಿನ ತಳದ ಕೊನೆಯ ಸ್ಕ್ರೂ ತಿರುಗಿಸುತ್ತಿದ್ದಾಗ ತಾಯಿ ಬಾಗಿಲಿಗೆ ಬಂದಳು.

"ಇನ್ನೂ ಬಿಚ್ತಾ ಕೂತಿದ್ದೀಯಾ? ಹಾಗೇ ಎತ್ತಿ ಕೊಡು ಅಂದೆನಲ್ಲ. ನಿಮ್ಮಪ್ಪನಿಗಿಂತ ಮೊದಲು ಅದು ಈ ಮನೆ ಬಿಡ್ಬೇಕು."

"ಒಳಗೆ ಕರೆಂಟ್ ಉಳಿದಿದ್ರೆ?" ಎಂದಳು ಮಗಳು.

"ಇಪ್ಪತ್ತು ವರ್ಷದಿಂದ ಸತ್ತು ಬಿದ್ದಿರೋದ್ರಲ್ಲಿ ಎಂಥಾ ಕರೆಂಟು."

ಅದೂ ನಿಜವೇ. ಕೈಗೆ ಬಂದ ಹಳೇ ವಾಲ್ವ್ ರೇಡಿಯೋ, ಮೈಕ್ ಸೆಟ್ಟನ್ನು ಅಪ್ಪ ಒಂದೋ ಬದುಕಿಸುತ್ತಿದ್ದ, ಇಲ್ಲವೇ ಬಿಡಿಭಾಗಕ್ಕೆ ಒಡೆಯುತ್ತಿದ್ದ. ಇದೊಂದನ್ನು ಎರಡೂ ಮಾಡಿರಲಿಲ್ಲ. ಹೊರಗೆ ದೀಪದವನು ಕಾಯುತ್ತಿದ್ದ. ಇಂಥ ಪೆಟ್ಟಿಗೆಗಳ ಕರುಳು ಬಗೆದು, ಬಲ್ಬು ಕೂರಿಸಿ ಮಾರುವವನು. ಅಪ್ಪನ ಸಾವಿಗೆ ಬಂದವನಿಗೆ ತಾಯಿಯೇ ಒಯ್ಯಲು ಹೇಳಿದ್ದಳು.

ಅಂಗಳದಲ್ಲಿ ಸೋದರಮಾವ ಹೇಳುತ್ತಿದ್ದ: "ಊರಿನ ಮೈಕಿಗೆಲ್ಲ ಬಾಯಿ ಬರಿಸಿದ ಭಾವ, ತಾನು ಮಾತ್ರ ತುಟಿ ಬಿಚ್ಚಲಿಲ್ಲ."

"ನೀವು ಮಾತಿಗೆ ಸಂದು ಕೊಟ್ಟಿದ್ರೆ ತಾನೇ," ಎಂದ ದೀಪದವನು.

*

ಅಣ್ಣನಿಗೆ ಆಗ ಹತ್ತೊಂಬತ್ತು. ಅಪ್ಪ ಇದೇ ಆಂಪ್ಲಿಫೈಯರಿನ ಪ್ಲಗ್ಗನ್ನು ಗೋಡೆಯಿಂದ ಎಳೆದು, "ಕಿತ್ತಿದೀನಿ, ಕೈ ಹಾಕು" ಎಂದ. ಅಣ್ಣ ಎರಡೂ ಕೈ ಹಾಕಿದ.

ಪ್ಲಗ್ ಕಿತ್ತರೂ ಕೆಪಾಸಿಟರಿನ ಹೊಟ್ಟೆಯಲ್ಲಿ ಕರೆಂಟು ತುಂಬಿರುತ್ತದೆ, ಇಳಿಸಿಯೇ ಮುಟ್ಟಬೇಕು ಎಂದು ಹತ್ತಾರು ಜನಕ್ಕೆ ಕಲಿಸಿದವನು ಅಪ್ಪನೇ. ಅಂದು ಮರೆತ. ಅಣ್ಣನ ಸಾವಿಗೆ ಬಂದವರಿಗೆಲ್ಲ "ಪ್ಲಗ್ ಕಿತ್ತಿದ್ದೆ" ಎಂದಷ್ಟೇ ಹೇಳಿದ. ಆಮೇಲೆ ಅದನ್ನೂ ಹೇಳುವುದು ಬಿಟ್ಟ. ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡೇ ಉಳಿದ ಆಯುಷ್ಯದ ಕೆಲಸವೆಲ್ಲ ಮಾಡಿದ. ಮಗಳಿಗೂ ಹಾಗೇ ಕಲಿಸಿದ.

*

ತಳ ಕೈಗೆ ಬಂತು. ಒಳಗೆ ಧೂಳೇ ಇರಲಿಲ್ಲ. ಅವಳು ಒಂದೇ ಕೈಯಲ್ಲಿ ಮೀಟರಿನ ಕ್ಲಿಪ್ಪುಗಳನ್ನು ಸಿಕ್ಕಿಸಿದಳು. ಮುಳ್ಳು ಚಿಮ್ಮಿ ಮುನ್ನೂರು ವೋಲ್ಟಿನ ಹತ್ತಿರ ನಿಂತಿತು.

ಯಾರೋ ಹಿಂದೆ ನಿಂತಂತಾಗಿ ತಿರುಗಿ ನೋಡಿದಳು. ಆಮೇಲೆ ಕಂಡಿತು: ಹೊಸ ಕೆಪಾಸಿಟರು, ಪಕ್ಕದಲ್ಲಿ ಹೊಸ ರೆಸಿಸ್ಟರು. ಅದರ ಒಂದು ಕಾಲಿಗೆ ಬೆಸುಗೆ ಬಿದ್ದಿತ್ತು, ಇನ್ನೊಂದು ಗಾಳಿಯಲ್ಲಿ ತೂಗುತ್ತಿತ್ತು. ಮೊನ್ನೆ ಸಂಜೆ ಅಪ್ಪ, ಯಾರೂ ಮುಟ್ಟದಂತೆ ತಳ ಮುಚ್ಚಿ, ಎದೆ ಹಿಡಿದುಕೊಂಡು ಎದ್ದು ಬಂದದ್ದು ಇದೇ ಸ್ಟೂಲಿನಿಂದ.

"ಅಮ್ಮ, ಅಪ್ಪ ಇದಕ್ಕೆ ಕರೆಂಟ್ ಕೊಟ್ಟಿದಾನೆ. ಮೊನ್ನೆ."

ತಾಯಿ ಹೊಸ್ತಿಲು ದಾಟಿದಳು. "ಯಾಕೆ?"

"ಉಳಿದ ಕರೆಂಟು ತಾನಾಗೇ ಇಳಿಯೋ ಹಾಗೆ ಮಾಡ್ತಿದ್ದ. ಅಣ್ಣ ಇದ್ದಾಗ ಇದರಲ್ಲಿ ಈ ರೆಸಿಸ್ಟರು ಇರಲಿಲ್ಲ."

"ಗಾಡಿ ಬಂತು," ಎಂದು ಯಾರೋ ಕೂಗಿದರು. ದೀಪದವನು ಇಣುಕಿದ. "ತಗೊಂಡ್ ಹೋಗ್ಲಾ ಅಕ್ಕ?"

"ಇಲ್ಲಪ್ಪ. ಇದು ರಿಪೇರಿಲಿದೆ," ಎಂದಳು ಮಗಳು.

ಅವನು ತಾಯಿಯ ಮುಖ ನೋಡಿದ. ತಾಯಿ ಕೊಡು ಎನ್ನಲಿಲ್ಲ.

ಮಗಳು ತೂಗುತ್ತಿದ್ದ ಕಾಲನ್ನು ಇಕ್ಕಳದಲ್ಲಿ ಹಿಡಿದು, ಸೇರಬೇಕಾದ ಜಾಗಕ್ಕೆ ಒತ್ತಿದಳು. ಮುಳ್ಳು ಇಳಿಯತೊಡಗಿತು. ತಾಯಿ ಪಕ್ಕಕ್ಕೆ ಬಂದು ಮೀಟರಿನ ಮೇಲೆ ಬಗ್ಗಿದಳು. ಇನ್ನೂರು. ನೂರ ಇಪ್ಪತ್ತು.

"ಹೂಂ, ಎತ್ತಿ," ಎಂದ ಹೊರಗಿನಿಂದ ಸೋದರಮಾವ.

"ತಡೀರಿ," ಎಂದಳು ತಾಯಿ, ಮುಳ್ಳಿನಿಂದ ಕಣ್ಣು ಕೀಳದೆ. "ಇನ್ನೂ ಇಳೀತಿದೆ."

ಅಂಗಳದಲ್ಲಿ ಅಪ್ಪನ ಚಟ್ಟದ ಸುತ್ತ ನಾಲ್ಕು ಜನ ಅರ್ಧ ಬಗ್ಗಿ, ಕೈ ಹಾಕಿದವರು ಹಾಕಿದಂತೆಯೇ ನಿಂತರು.